ಬೆನ್ನೇರುವ ಮುನ್ನ ಪಕ್ಕದಲ್ಲಿ ನಿಲ್ಲಿ

ಹೋದ ವರ್ಷ ವೈಶಾಖದ ಒಂದು ಸಂಜೆ. ಬೆಂಗಳೂರಿನ ಕಲ್ಯಾಣಮಂಟಪವೊಂದರ ಮುಂದೆ ಮೆರವಣಿಗೆ ನಿಂತಿತ್ತು. ಬಿಳಿ ಕುದುರೆಯ ಮೇಲೆ ಪೇಟ ಸುತ್ತಿದ ಮದುಮಗ, ಮುಂದೆ ಬ್ಯಾಂಡ್‌ಸೆಟ್ಟು, ಹಿಂದೆ ಜನರೇಟರ್ ಹೊತ್ತ ಗಾಡಿ. ಯಾರೋ ಪಟಾಕಿ ಸರಕ್ಕೆ ಬೆಂಕಿ ಹಚ್ಚಿದರು. ಕುದುರೆ ಒಮ್ಮೆಲೇ ಹಿಂದಕ್ಕೆ ಸರಿಯಿತು. ಡಾಂಬರಿನ ಮೇಲೆ ಲಾಳ ಜಾರಿ ಹಿಂಗಾಲು ಕುಸಿಯಿತು. ಹಗ್ಗ ಹಿಡಿದಿದ್ದ ಹುಡುಗನಿಗೆ ಹದಿನೇಳು ತುಂಬಿರಲಿಕ್ಕಿಲ್ಲ, ಎರಡೂ ಕೈಯಲ್ಲಿ ಕಡಿವಾಣ ಜಗ್ಗಿದ. ಕುದುರೆಯ ಬಾಯಿ ತೆರೆಯಿತು. ನೊರೆಯಲ್ಲಿ ಕೆಂಪು ಕಾಣಿಸಿತು. ಮದುಮಗ ಬೀಳಲಿಲ್ಲ. ಸುತ್ತ ನಿಂತವರು ಮೊಬೈಲು ಎತ್ತಿ ಹಿಡಿದು ನಕ್ಕರು. "ಹುಚ್ಚು ಕುದುರೆ ಕರ್ಕೊಂಡ್ಬಂದವ್ರೆ ಕಣ್ರೋ" ಅಂದ ಒಬ್ಬ. ನಾನೂ ಆ ಗುಂಪಿನಲ್ಲಿದ್ದೆ. ಮದುವೆಮನೆಯಲ್ಲಿ ಯಾಕೆ ರಗಳೆ ಎಂದು ಸುಮ್ಮನಿದ್ದೆ. ಹಾಗೆ ಸುಮ್ಮನಿದ್ದದ್ದು ಇವತ್ತಿಗೂ ನನ್ನನ್ನು ಚುಚ್ಚುತ್ತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮಾತನ್ನೇ ಕೇಳಿ ನೋಡಿ. ಹತೋಟಿ ತಪ್ಪಿದ ಮನಸ್ಸಿಗೆ ಹುಚ್ಚುಕುದುರೆ ಅನ್ನುತ್ತೇವೆ. ಹಿರಿಯರ ಮಾತು ಕೇಳದವನಿಗೆ ಲಂಗುಲಗಾಮಿಲ್ಲ. ಬೆಳಿಗ್ಗೆ ಪತ್ರಿಕೆ ಬಿಡಿಸಿದರೆ ಬೆಲೆಯೇರಿಕೆಗೆ ಕಡಿವಾಣ, ಲಂಚಕ್ಕೆ ಕಡಿವಾಣ, ಪುಂಡರಿಗೆ ಕಡಿವಾಣ. ದಿನಕ್ಕೆ ಹತ್ತು ಸಲ ನಾಲಿಗೆಯ ಮೇಲೆ ಬರುವ ಈ ವಸ್ತುವನ್ನು ಕೈಯಲ್ಲಿ ಹಿಡಿದು ನೋಡಿದವರು ನಮ್ಮಲ್ಲಿ ಎಷ್ಟು ಜನ? ಕುದುರೆಯ ಮುಂಹಲ್ಲಿಗೂ ದವಡೆಹಲ್ಲಿಗೂ ನಡುವೆ ಹಲ್ಲಿಲ್ಲದ ಒಂದು ತೆರಪಿದೆ. ಅಲ್ಲಿ ಎಲುಬಿನ ಮೇಲಿರುವುದು ತೆಳ್ಳನೆಯ ವಸಡು ಮಾತ್ರ. ಆ ವಸಡಿನ ಮೇಲೆ, ನಾಲಿಗೆಯ ಮೇಲೆ ಕೂರುವ ಕಬ್ಬಿಣವೇ ಕಡಿವಾಣ. ಹದವರಿತ ಕೈಯಲ್ಲಿದ್ದರೆ ಬೆರಳಿನ ಸಣ್ಣ ಸನ್ನೆಯೂ ಅದರ ಮೂಲಕ ಕುದುರೆಗೆ ತಲುಪುತ್ತದೆ. ಗಾಬರಿಬಿದ್ದ ಕೈಗೆ ಸಿಕ್ಕರೆ ಅದು ಬಾಯನ್ನು ಸೀಳುತ್ತದೆ. ಮದುವೆಗೆ, ಗಾಡಿಗೆ ಬಳಸುವ ಕೆಲವು ಕಡಿವಾಣಗಳಿಗೆ ಮುಳ್ಳುಗಳೂ ಇರುತ್ತವೆ. ಅಂಥ ಮುಳ್ಳುಕಡಿವಾಣ ನಮ್ಮ ದೇಶದಲ್ಲಿ 1965ರ ನಿಯಮಗಳಿಂದಲೇ ನಿಷಿದ್ಧ. ಆದರೆ ಪ್ರಾಣಿಹಿಂಸೆ ತಡೆಗೆಂದು 1960ರಲ್ಲಿ ಬಂದ ಕಾಯ್ದೆಯ ಪ್ರಕಾರ ಮೊದಲ ಸಲದ ಕ್ರೌರ್ಯಕ್ಕೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಇವತ್ತು ಒಂದು ಮಸಾಲೆದೋಸೆಯ ಬೆಲೆಯೂ ಅದಕ್ಕಿಂತ ಹೆಚ್ಚು.

ಆ ಸಂಜೆಯ ಕುದುರೆಗೆ ಹುಚ್ಚು ಹಿಡಿದಿರಲಿಲ್ಲ. ಅದು ಹೆದರಿತ್ತು. ಈ ಎರಡರ ನಡುವಿನ ವ್ಯತ್ಯಾಸ ಗೊತ್ತಿಲ್ಲದ್ದರಿಂದಲೇ ನಾವು ಅದನ್ನು ಹೊಡೆಯುತ್ತೇವೆ. ಕುದುರೆ ಬಯಲಿನ ಪ್ರಾಣಿ, ಬೇಟೆಯಾಗುವ ಪ್ರಾಣಿ. ಅದಕ್ಕೆ ಕೊಂಬಿಲ್ಲ, ಉಗುರಿಲ್ಲ. ಹುಟ್ಟಿದ ಮರಿ ಒಂದೆರಡು ಗಂಟೆಯೊಳಗೆ ನಡುಗುವ ಕಾಲಿನ ಮೇಲೆ ಎದ್ದು ನಿಲ್ಲುತ್ತದೆ, ಯಾಕೆಂದರೆ ಓಡಲಾಗದ ಮರಿ ಬಯಲಿನಲ್ಲಿ ಉಳಿಯುತ್ತಿರಲಿಲ್ಲ. ತಲೆಯ ಎರಡು ಪಕ್ಕಕ್ಕಿರುವ ಕಣ್ಣುಗಳಿಂದ ಅದು ಸುಮಾರು 350 ಡಿಗ್ರಿಯಷ್ಟು ಸುತ್ತಲೂ ನೋಡುತ್ತದೆ. ಕಾಣದಿರುವುದು ಎರಡೇ ಕಡೆ: ಬಾಲದ ನೇರ ಹಿಂದೆ, ಹಣೆಯ ನೇರ ಮುಂದೆ. ನಾವು ಅದರ ಹತ್ತಿರ ಹೋಗುವುದು ಈ ಎರಡು ಕಡೆಯಿಂದಲೇ. ಮಕ್ಕಳು ಹಿಂದಿನಿಂದ ಓಡಿ ಬರುತ್ತಾರೆ, ದೊಡ್ಡವರು ಮುಂದೆ ನಿಂತು ನೇರ ಹಣೆಗೆ ಕೈ ಹಾಕುತ್ತಾರೆ. ಕುದುರೆಯ ಪಾಲಿಗೆ ಎಲ್ಲಿಂದಲೋ ಒಂದು ಕೈ ಮುಖದ ಮೇಲೆ ಬಂದು ಬಿದ್ದಂತೆ. ಅದು ತಲೆ ಎತ್ತಿದರೆ 'ಪೊಗರು' ಅನ್ನುತ್ತೇವೆ.

ಇದೆಲ್ಲ ನನಗೂ ಮೊದಲು ಗೊತ್ತಿರಲಿಲ್ಲ. ಕಲಿತದ್ದು ತಪ್ಪು ಮಾಡಿ, ಮೂಳೆ ಮುರಿದುಕೊಂಡು.

ಮೈಸೂರಿನ ಹೊರಗೆ ನನ್ನ ತಮ್ಮನಿಗೆ ಒಂದಿಷ್ಟು ಜಮೀನಿದೆ. ಆರು ವರ್ಷದ ಹಿಂದೆ ಗೌರಿಹಬ್ಬದ ಮಾರನೆಯ ದಿನ ಅಲ್ಲಿಗೆ ಒಂದು ಹೆಣ್ಣುಕುದುರೆ ಬಂತು. ರೇಸಿನಲ್ಲಿ ಓಡಿ, ಕಾಲು ಊದಿ, ಇನ್ನು ಓಡದು ಎಂದಾದ ಮೇಲೆ ಕೈಯಿಂದ ಕೈಗೆ ದಾಟಿ ಬಂದವಳು. ರೇಸಿನ ಹೆಸರು ಉದ್ದವಾಗಿತ್ತು, ನಾವು ಗೌರಿ ಎಂದು ಕರೆದೆವು. ವಯಸ್ಸು ಏಳು. ಚೆನ್ನಾಗಿ ನೋಡಿಕೊಂಡರೆ ಕುದುರೆ ಇಪ್ಪತ್ತೈದು, ಮೂವತ್ತು ವರ್ಷ ಬದುಕುತ್ತದೆ. ಅಂದರೆ ಅವಳ ಆಯಸ್ಸಿನ ಮುಕ್ಕಾಲು ಭಾಗ ಇನ್ನೂ ಮುಂದಿತ್ತು, ಆದರೆ ಪೇಟೆಯ ಲೆಕ್ಕದಲ್ಲಿ ಅವಳ ಬದುಕು ಮುಗಿದಿತ್ತು. ಅವಳಿಗೆ ಎಲ್ಲದರ ಭಯ. ಪ್ಲಾಸ್ಟಿಕ್ ಕವರು ಹಾರಿದರೆ ಭಯ, ಛತ್ರಿ ಕಂಡರೆ ಭಯ, ಯಾರಾದರೂ ಬೆವರು ಒರೆಸಲು ಕೈ ಎತ್ತಿದರೂ ಮೈಯೆಲ್ಲ ಗಟ್ಟಿ. ಕಣ್ಣಿನ ಬಿಳಿ ಕಾಣುವಂತೆ ನೋಡುತ್ತಿದ್ದಳು. ಆ ನೋಟ ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ.

ನಾವು ಒಬ್ಬ ತರಬೇತುದಾರನನ್ನು ಕರೆಸಿದೆವು. ಅವನು ಅವಳನ್ನು ಗಟ್ಟಿ ಕಂಬಕ್ಕೆ ಮೋಟಾಗಿ ಕಟ್ಟಿ, ಗೋಣಿಚೀಲ ಬೀಸಿ ಬೀಸಿ ಮೈಮೇಲೆ ಹಾಕಿದ. ಅವಳು ಜಗ್ಗಿದಳು, ಒದ್ದಳು, ಬಿದ್ದಳು, ಎದ್ದಳು. ಒಂದು ಗಂಟೆಯಾದ ಮೇಲೆ ನಿಂತಳು. ಗೋಣಿ ಮುಖದ ಮೇಲೆ ಬಿದ್ದರೂ ಅಲುಗಲಿಲ್ಲ. "ನೋಡಿ, ಭಯ ಹೋಯ್ತು" ಅಂದ. ನಾವು ಖುಷಿಯಿಂದ ದುಡ್ಡು ಕೊಟ್ಟೆವು. ಮೂರು ದಿನವಾದ ಮೇಲೆ ನಾನು ಅವಳ ಬೆನ್ನೇರಿ ಹೊಲದ ದಾರಿಯಲ್ಲಿ ಹೋಗುತ್ತಿದ್ದೆ. ಎದುರಿಗೆ ಹಾಲಿನ ಕ್ಯಾನುಗಳನ್ನು ಕಟ್ಟಿಕೊಂಡ ಸ್ಕೂಟರು ಬಂತು, ಕ್ಯಾನುಗಳು ಒಂದಕ್ಕೊಂದು ಬಡಿದು ಸದ್ದಾಯಿತು. ಆಮೇಲಿನದು ನನಗೆ ನೆನಪಿಲ್ಲ. ಕಣ್ಣು ಬಿಟ್ಟಾಗ ಕಾಲುವೆಯ ಏರಿಯ ಮೇಲೆ ಬಿದ್ದಿದ್ದೆ, ಬಲ ಹೆಗಲ ಮೂಳೆ ಮುರಿದಿತ್ತು. ಗೌರಿ ಎರಡು ಮೈಲಿ ದೂರದಲ್ಲಿ ಕಬ್ಬಿನ ಗದ್ದೆಯೊಳಗೆ ಸಿಕ್ಕಳು. ಲಗಾಮು ಕಾಲಿಗೆ ಸುತ್ತಿಕೊಂಡಿತ್ತು, ಬಾಯಿ ಹರಿದಿತ್ತು.

ಕಂಬದ ಹತ್ತಿರ ಅವಳು ಅಲುಗದೆ ನಿಂತದ್ದು ಭಯ ಹೋದದ್ದಕ್ಕಲ್ಲ ಎಂಬುದು ಆಮೇಲೆ ಅರ್ಥವಾಯಿತು. ಏನು ಮಾಡಿದರೂ ಬಿಡುಗಡೆಯಿಲ್ಲ ಎಂದು ತಿಳಿದ ಪ್ರಾಣಿ ಪ್ರಯತ್ನವನ್ನೇ ಬಿಡುತ್ತದೆ. ಮೈ ಕಲ್ಲಾಗುತ್ತದೆ, ಕಣ್ಣು ಒಳಗೆ ಸರಿಯುತ್ತದೆ. ಕಲಿತ ಅಸಹಾಯಕತೆ ಎಂದು ಮನಶ್ಶಾಸ್ತ್ರ ಇದಕ್ಕೆ ಹೆಸರಿಟ್ಟಿದೆ. ನೋಡುವವರಿಗೆ ಅದು ಶಾಂತಿಯಂತೆ ಕಾಣುತ್ತದೆ. ನಾವು ಮಾಡಿದ ಅತಿ ದೊಡ್ಡ ತಪ್ಪು ಅದು. ಈ ತಪ್ಪು ನಮ್ಮ ಜಮೀನಿನಲ್ಲಷ್ಟೇ ಆಗುತ್ತಿಲ್ಲ. ಅರ್ಧ ಗಂಟೆಯಲ್ಲಿ ಒರಟು ಕುದುರೆಯನ್ನು ಪಳಗಿಸಿ ತೋರಿಸುವ ವಿಡಿಯೊಗಳನ್ನು ಲಕ್ಷಾಂತರ ಜನ ಮೆಚ್ಚುತ್ತಾರೆ. ಅವುಗಳಲ್ಲಿ ಕುದುರೆಯನ್ನು ದುಂಡನೆಯ ಬೇಲಿಯೊಳಗೆ ಸುಸ್ತಾಗುವ ತನಕ ಅಟ್ಟುವುದನ್ನೂ, ಕೊನೆಗೆ ಅದು ತಲೆ ತಗ್ಗಿಸಿ ಹತ್ತಿರ ಬರುವುದನ್ನೂ ನೋಡಿದ್ದೇನೆ. ಓಡಲು ಜಾಗವಿಲ್ಲದ ಪ್ರಾಣಿ ನಿಮ್ಮ ಹತ್ತಿರ ಬಂದರೆ ಅದನ್ನು ನಂಬಿಕೆ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಹೆಗಲು ಕೂಡಿಕೊಳ್ಳುವಷ್ಟರಲ್ಲಿ ಗೌರಿಯನ್ನು ಮಾರಿಬಿಡಬೇಕೆಂದು ಮನೆಯಲ್ಲಿ ಮಾತಾಯಿತು. ಆಗ ಒಬ್ಬ ಮುದುಕರು ಬಂದರು. ಮೈಸೂರಿನಲ್ಲಿ ನಲವತ್ತು ವರ್ಷ ಟಾಂಗಾ ಓಡಿಸಿ, ಕೊನೆಯ ಕುದುರೆ ಸತ್ತ ಮೇಲೆ ಮನೆಯಲ್ಲಿದ್ದವರು. ಚಾಚಾ ಎಂದೇ ಕರೆಯುತ್ತಿದ್ದೆವು. ಬೇಲಿಯ ಹೊರಗೆ ನಿಂತು ಗೌರಿಯನ್ನು ಬಹಳ ಹೊತ್ತು ನೋಡಿದರು. ನಾನು ಅವಳ ಮುಂದೆ ಹೋಗಿ ನಿಂತೆ. "ಪಕ್ಕಕ್ಕೆ ಬನ್ನಿ ಅಮ್ಮಾ. ಅಲ್ಲಿ ನಿಂತ್ರೆ ಅವಳಿಗೆ ನೀವು ಕಾಣಾಕಿಲ್ಲ" ಅಂದರು. ಆಮೇಲೆ ಹೇಳಿದರು: "ಇವತ್ತು ಏನೂ ಮಾಡ್ಬೇಡಿ. ಒಂದು ಬಕೆಟ್ಟು ಬೋರಲು ಹಾಕ್ಕೊಂಡು ಕೂತ್ಕೊಳಿ."

ಹನ್ನೊಂದು ದಿನ ಕೂತೆ. ದಿನಕ್ಕೆ ಒಂದು ಗಂಟೆ. ಕೈಯಲ್ಲಿ ಹಗ್ಗವಿಲ್ಲ, ಬೆಲ್ಲವಿಲ್ಲ, ಕ್ಯಾರೆಟ್ಟಿಲ್ಲ. ಅವಳ ಕಡೆ ನೆಟ್ಟ ನೋಟ ಬೇಡ ಅಂದಿದ್ದರು ಚಾಚಾ, ಅದಕ್ಕೇ ನೆಲ ನೋಡುತ್ತಿದ್ದೆ. ಮೊದಲ ದಿನಗಳಲ್ಲಿ ಅವಳು ಬೇಲಿಯ ಆ ತುದಿಯಲ್ಲಿ ನಿಂತು ಒಂದು ಕಿವಿಯನ್ನು ನನ್ನ ಕಡೆ ಇಟ್ಟಿರುತ್ತಿದ್ದಳು. ಆರನೆಯ ದಿನ ಹುಲ್ಲು ಮೇಯುತ್ತ ಅರ್ಧ ದೂರ ಬಂದಳು. ಹನ್ನೊಂದನೆಯ ದಿನ ಹಿಂದಿನಿಂದ ಬಿಸಿ ಉಸಿರು ಕತ್ತಿನ ಮೇಲೆ ಬಿತ್ತು. ನನ್ನ ಕೂದಲು ಮೂಸಿ ನೋಡುತ್ತಿದ್ದಳು. ತಿರುಗಿ ತಬ್ಬಿಕೊಳ್ಳಬೇಕು ಅನ್ನಿಸಿತು. ಬೇಲಿಯ ಹೊರಗಿನಿಂದ ಚಾಚಾ ಮೆಲ್ಲಗೆ, "ಮುಟ್ಬೇಡಿ. ಎದ್ದು ಬಂದ್ಬಿಡಿ" ಅಂದರು. ಎದ್ದು ಬಂದೆ. ಅವಳು ನಾಲ್ಕು ಹೆಜ್ಜೆ ನನ್ನ ಹಿಂದೆ ಬಂದಳು.

ಆಮೇಲಿನ ಪಾಠವೆಲ್ಲ ಇದೇ ಜಾತಿಯದು. ಹೆಗಲಿನ ಕಡೆಯಿಂದ ಓರೆಯಾಗಿ ಹತ್ತಿರ ಹೋಗಬೇಕು. ಅವಳು ತಲೆ ಎತ್ತಿ ಉಸಿರು ಬಿಗಿಹಿಡಿದ ಗಳಿಗೆಯಲ್ಲೇ ನಿಲ್ಲಬೇಕು. ಅವಳ ಉಸಿರು ಸಡಿಲವಾದ ಕೂಡಲೇ, ಅವಳು ದೂರ ಸರಿಯುವ ಮೊದಲೇ, ನಾವೇ ಹಿಂದೆ ಹೆಜ್ಜೆ ಇಡಬೇಕು. ಹಾಗೆ ಮಾಡಿದಾಗ ಈ ಮನುಷ್ಯನಿಗೆ ನನ್ನ ಭಯ ಕಾಣುತ್ತದೆ ಎಂದು ಅವಳಿಗೆ ಗೊತ್ತಾಗುತ್ತದೆ. ಮೊದಲ ಸಲ ಮುಟ್ಟಿದ್ದು ಜೂಲು ಮುಗಿಯುವ ಕಡೆ, ಹೆಗಲಿನ ದಿಬ್ಬದ ಮೇಲೆ. ಕುದುರೆಗಳು ಒಂದಕ್ಕೊಂದು ಹಲ್ಲಿನಿಂದ ತುರಿಸಿಕೊಡುವ ಜಾಗ ಅದು. ಫ್ರಾನ್ಸಿನ ಕಮಾರ್ಗ್ ಕುದುರೆಗಳ ಮೇಲೆ ನಡೆಸಿದ ಅಧ್ಯಯನವೊಂದು 1993ರಲ್ಲಿ ಪ್ರಕಟವಾಯಿತು. ಆ ಜಾಗದಲ್ಲಿ ಕೈಯಿಂದ ತುರಿಸಿದರೆ ಕುದುರೆಯ ಎದೆಬಡಿತ ಇಳಿಯುತ್ತದೆ ಎಂಬುದು ಅದರ ತೀರ್ಮಾನ. ಚಾಚಾ ಅದನ್ನು ಓದಿರಲಿಲ್ಲ. ಅವರ ಅಪ್ಪ ತೋರಿಸಿಕೊಟ್ಟಿದ್ದರಂತೆ. ನಾನು ಬೆರಳಿನಿಂದ ಕೆರೆಯುತ್ತಿದ್ದಂತೆ ಗೌರಿಯ ಮೇಲ್ದುಟಿ ಉದ್ದವಾಗಿ ನಡುಗಿತು, ಕಣ್ಣು ಅರ್ಧ ಮುಚ್ಚಿತು. ನನಗೆ ಅಳು ಬಂತು.

ಹಾಲ್ಟರ್ ಹಾಕಿದ ಮೇಲೆ ಹಗ್ಗದ ಪಾಠ ಶುರುವಾಯಿತು. ಕಡಿವಾಣವಿಲ್ಲದ ಬರಿಯ ಮುಖಪಟ್ಟಿ, ಅದಕ್ಕೆ ಎರಡು ಮಾರು ಹಗ್ಗ. ಹಗ್ಗವನ್ನು ಬೆರಳಿನಷ್ಟೇ ಬಿಗಿ ಮಾಡಿ ಕಾಯುವುದು. ಅವಳು ಮುಂದಕ್ಕೆ ವಾಲಿದ ಕೂಡಲೇ, ಇನ್ನೂ ಹೆಜ್ಜೆ ಇಡುವ ಮೊದಲೇ, ಹಗ್ಗ ಸಡಿಲ ಬಿಡುವುದು. ಎಲ್ಲ ಇರುವುದು ಆ ಬಿಡುವುದರಲ್ಲಿ. ಎಳೆತ ಕುದುರೆಗೆ ಏನನ್ನೂ ಕಲಿಸುವುದಿಲ್ಲ, ಎಳೆತ ನಿಂತ ಗಳಿಗೆ ಕಲಿಸುತ್ತದೆ. ನನ್ನ ಕೈ ಸಾವಿರ ಸಲ ತಡಮಾಡಿತು. ತಡವಾಗಿ ಬಿಟ್ಟರೆ ಅವಳು ಕಲಿಯುವುದೇ ಬೇರೆ: ಸರಿ ಮಾಡಿದರೂ ಈ ಕೈ ಬಿಡುವುದಿಲ್ಲ ಎಂದು. ಒಂದು ಹೆಜ್ಜೆ ಮುಂದೆ, ನಿಲ್ಲು, ಎರಡು ಹೆಜ್ಜೆ ಹಿಂದೆ, ಸೊಂಟ ಆ ಕಡೆ ತಿರುಗಿಸು. ನೋಡುವವರಿಗೆ ಬೇಸರ ಬರುವ ಕೆಲಸ. ಬೇಲಿಯ ಹೊರಗೆ ನಿಂತ ನೆಂಟರು, "ಸವಾರಿ ಯಾವಾಗ?" ಎಂದು ಕೇಳಿ ಕೇಳಿ ಹೋದರು.

ಕೊನೆಗೆ ಛತ್ರಿ. ಮಡಚಿದ ಛತ್ರಿಯನ್ನು ಮೂವತ್ತು ಹೆಜ್ಜೆ ದೂರದಲ್ಲಿ ನೆಲದ ಮೇಲೆ ಇಟ್ಟು, ಅವಳು ನೋಡಿ ತಲೆ ತಗ್ಗಿಸಿದ ಕೂಡಲೇ ಅಲ್ಲಿಂದ ದೂರ ಕರೆದೊಯ್ಯುತ್ತಿದ್ದೆ. ಮರುದಿನ ಒಂದೆರಡು ಹೆಜ್ಜೆ ಹತ್ತಿರ. ಯಾವ ದಿನವೂ ಅವಳು ಬೆದರುವ ತನಕ ಹೋಗಲಿಲ್ಲ. ಇಷ್ಟಕ್ಕೇ ನಲವತ್ತು ದಿನ ಬೇಕಾಯಿತು. ನಡುವೆ ಒಂದು ದಿನ ಮನೆಯಲ್ಲಿ ಜಗಳವಾಡಿ, ಕೋಪ ನುಂಗಿಕೊಂಡು, ಮುಖದಲ್ಲಿ ನಗು ಇಟ್ಟುಕೊಂಡೇ ಲಾಯಕ್ಕೆ ಹೋದೆ. ಗೌರಿ ನನ್ನನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಎರಡು ತಿಂಗಳ ಕೆಲಸ ನೀರಲ್ಲಿ ಹೋಯಿತು ಎಂದುಕೊಂಡೆ. ಚಾಚಾ ನನ್ನನ್ನು ನೋಡಿ, "ಇವತ್ತು ನೀವು ಮನೇಗೆ ಹೋಗಿ" ಅಂದರು, ಅಷ್ಟೇ.

ಅದು ಹೇಗೆ ಅವಳಿಗೆ ಗೊತ್ತಾಯಿತು ಎಂದು ತಿಳಿಯಲು ಹುಡುಕಿದಾಗ ಸ್ವೀಡನ್ನಿನ ಒಂದು ಪ್ರಯೋಗ ಕಣ್ಣಿಗೆ ಬಿತ್ತು. ಅಲ್ಲೂ ಒಂದು ಛತ್ರಿ ಇತ್ತು. ಲಿಂಡಾ ಕೀಲಿಂಗ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ್ದು. ಜನರಿಗೆ ಕುದುರೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆಸಿಕೊಂಡು ಹೋಗಲು ಹೇಳಿದರು, ಇಲ್ಲವೆ ಸವಾರಿ ಮಾಡಿಕೊಂಡು ಹೋಗಲು ಹೇಳಿದರು. ದೂರ 30 ಮೀಟರು. ಮನುಷ್ಯನ ಎದೆಬಡಿತ, ಕುದುರೆಯ ಎದೆಬಡಿತ ಎರಡನ್ನೂ ಅಳೆಯುತ್ತಿದ್ದರು. ಮೂರು ಸಲ ಹೀಗೆ ಹೋಗಿ ಬಂದ ಮೇಲೆ, ನಾಲ್ಕನೆಯ ಸಲಕ್ಕೆ ಮೊದಲು, "ಈ ಸಲ ಕುದುರೆ ದಾಟುವಾಗ ಪಕ್ಕದಲ್ಲಿ ಛತ್ರಿ ಬಿಚ್ಚುತ್ತೇವೆ" ಎಂದು ಆ ವ್ಯಕ್ತಿಗೆ ತಿಳಿಸಿದರು. ಛತ್ರಿ ಬಿಚ್ಚಲೇ ಇಲ್ಲ. ಆದರೆ ಮನುಷ್ಯನ ಎದೆಬಡಿತ ಏರಿತು. ಏನೂ ತಿಳಿಯದ ಕುದುರೆಯ ಎದೆಬಡಿತವೂ ಅದರ ಜೊತೆಗೆ ಏರಿತು. ನಮ್ಮ ಮನಸ್ಸಿನೊಳಗಿನ, ಇನ್ನೂ ಬಿಚ್ಚದ ಛತ್ರಿಗೆ ಕುದುರೆ ಬೆದರುತ್ತದೆ!

ಇದಕ್ಕೂ ನೂರು ವರ್ಷ ಹಿಂದೆ ಬರ್ಲಿನ್ನಿನಲ್ಲಿ ಹಾನ್ಸ್ ಎಂಬ ಕುದುರೆ ಲೆಕ್ಕ ಮಾಡುತ್ತದೆ ಎಂದು ಊರೆಲ್ಲ ಸುದ್ದಿಯಾಗಿತ್ತು. ಅದರ ಒಡೆಯ ವಿಲ್ಹೆಲ್ಮ್ ಫಾನ್ ಓಸ್ಟೆನ್, ಗಣಿತದ ಮೇಷ್ಟ್ರಾಗಿದ್ದವರು. ಉತ್ತರ ಏಳಾದರೆ ಕುದುರೆ ಏಳು ಸಲ ಗೊರಸು ಬಡಿಯುತ್ತಿತ್ತು. 1907ರಲ್ಲಿ ಆಸ್ಕರ್ ಫುಂಗ್ಸ್ಟ್ ಎಂಬ ಮನಶ್ಶಾಸ್ತ್ರಜ್ಞರು ಗುಟ್ಟು ಬಯಲು ಮಾಡಿದರು. ಪ್ರಶ್ನೆ ಕೇಳಿದವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್ ಸೋಲುತ್ತಿತ್ತು. ಗೊರಸಿನ ಎಣಿಕೆ ಸರಿಯುತ್ತರಕ್ಕೆ ಮುಟ್ಟಿದಾಗ ಕೇಳಿದವರ ತಲೆ ಕೂದಲೆಳೆಯಷ್ಟು ಮೇಲೆ ಸರಿಯುತ್ತಿತ್ತು. ಅವರಿಗೇ ಅದರ ಅರಿವಿಲ್ಲ. ಕುದುರೆ ಅದನ್ನು ನೋಡಿ ನಿಲ್ಲಿಸುತ್ತಿತ್ತು. ಹಾನ್ಸ್‌ಗೆ ಲೆಕ್ಕ ಬರುವುದಿಲ್ಲ ಎಂದು ತಿಳಿದು ಜಗತ್ತು ಆ ಕತೆಯನ್ನು ಅಲ್ಲಿಗೇ ಕೈಬಿಟ್ಟಿತು. ಮನುಷ್ಯನ ಮೈಯನ್ನು ಅವನಿಗಿಂತ ಚೆನ್ನಾಗಿ ಓದಬಲ್ಲ ಪ್ರಾಣಿಯೊಂದು ತಮ್ಮೆದುರಿಗೆ ನಿಂತಿದೆ ಎಂದು ಬೆರಗಾದವರು ಕಡಿಮೆ. ಇಂಥ ಪ್ರಾಣಿಗೆ ನಾವು ಬಾರುಕೋಲಿನಿಂದ ಮಾತಾಡುತ್ತೇವೆ. ಕಿವಿಗೆ ಪಿಸುಗುಟ್ಟಿದರೆ ಕೇಳುವವರ ಮುಂದೆ ನಿಂತು ಅರಚುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಕುದುರೆಯ ಚರ್ಮ ದಪ್ಪ, ಏಟು ತಾಕುವುದಿಲ್ಲ ಎನ್ನುವವರಿದ್ದಾರೆ. ನೊಣ ಕೂತರೆ ಅದೇ ಜಾಗದ ಚರ್ಮವನ್ನು ಅದುರಿಸಿ ಹಾರಿಸುವುದನ್ನು ಅವರು ಒಂದು ಸಲ ನಿಂತು ನೋಡಲಿ. ಆಸ್ಟ್ರೇಲಿಯಾದ ಸಂಶೋಧಕರು 2020ರಲ್ಲಿ ಮನುಷ್ಯನ ಚರ್ಮವನ್ನೂ ಕುದುರೆಯ ಚರ್ಮವನ್ನೂ ಸೂಕ್ಷ್ಮದರ್ಶಕದಡಿ ಹೋಲಿಸಿ, ನೋವನ್ನು ಗ್ರಹಿಸುವ ನರದ ತುದಿಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದು ತೋರಿಸಿದರು. ನಾರ್ವೆ ದೇಶ 1982ರಲ್ಲೇ ರೇಸಿನಲ್ಲಿ ಚಾವಟಿಯ ಏಟನ್ನು ನಿಷೇಧಿಸಿತ್ತು.

ಇದು ಹೊರಗಿನಿಂದ ಬಂದ ನಾಜೂಕಿನ ಮಾತು ಎಂದು ಯಾರೂ ಹೇಳದಿರಲಿ. ಕನಕದಾಸರ ನಳಚರಿತ್ರೆ ಓದಿಕೊಂಡು, ಹರಿಕತೆಯಲ್ಲಿ ಕೇಳಿಕೊಂಡು ಬೆಳೆದವರು ನಾವು. ನಳನಿಗೆ ಗೊತ್ತಿದ್ದ ವಿದ್ಯೆಯ ಹೆಸರು ಅಶ್ವಹೃದಯ. ಹೆಸರಿನಲ್ಲಿ ಕೋಲಿಲ್ಲ, ಹಗ್ಗವಿಲ್ಲ, ಹೃದಯ ಇದೆ. ಮಹಾಭಾರತದ ವನಪರ್ವದಲ್ಲಿ ಬಾಹುಕನ ವೇಷದ ನಳ ಋತುಪರ್ಣನ ರಥಕ್ಕೆ ಬಡಕಲಾಗಿ ಕಾಣುವ ಕುದುರೆಗಳನ್ನು ಆರಿಸುತ್ತಾನೆ. ರಾಜ ಏರಿದ ಕೂಡಲೇ ಅವು ಮೊಣಕಾಲೂರಿ ಬೀಳುತ್ತವೆ. ಬಾಹುಕ ಹೊಡೆಯುವುದಿಲ್ಲ. ಅವುಗಳನ್ನು ಸಂತೈಸುತ್ತಾನೆ, ಆಮೇಲೆ ಹೊರಡುತ್ತಾನೆ. ಗ್ರೀಸಿನ ಕ್ಸೆನೋಫೋನ್ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಕುದುರೆ ಸವಾರಿಯ ಬಗ್ಗೆ ಬರೆದ ಪುಸ್ತಕದಲ್ಲೂ ಕೋಪದಲ್ಲಿ ಕುದುರೆಯ ಹತ್ತಿರ ಹೋಗಬಾರದು ಎಂಬ ಬುದ್ಧಿಮಾತಿದೆ.

ನಮ್ಮ ಕಾಲದಲ್ಲೂ ಈ ಅರಿವು ಪೂರ್ತಿ ಸತ್ತಿಲ್ಲ. ಮೈಸೂರು ದಸರಾಕ್ಕೆ ಮುಂಚೆ ಏನು ನಡೆಯುತ್ತದೆ, ನೆನೆಸಿಕೊಳ್ಳಿ. ಜಂಬೂಸವಾರಿಯ ದಿನ 21 ಕುಶಾಲತೋಪು ಹಾರುತ್ತದೆ. ಅದಕ್ಕೆ ಆನೆಗಳೂ ಅಶ್ವಾರೋಹಿ ದಳದ ಕುದುರೆಗಳೂ ಬೆದರಬಾರದೆಂದು ವಾರಗಳ ಮುಂಚೆಯೇ ಅವುಗಳನ್ನು ಕರೆತಂದು ಫಿರಂಗಿ ಸಿಡಿಸಿ ತಾಲೀಮು ಮಾಡಿಸುತ್ತಾರೆ. ಒಂದೇ ಸಲವಲ್ಲ, ಮತ್ತೆ ಮತ್ತೆ. ಸದ್ದಿಗೆ ಪ್ರಾಣಿಯನ್ನು ಮೊದಲೇ ಒಗ್ಗಿಸಬೇಕು ಎಂಬುದನ್ನು ಸರ್ಕಾರವೇ ಒಪ್ಪಿಕೊಂಡು ನಡೆಸುವ ಕೆಲಸ ಇದು. ಆ ತಾಲೀಮು ಇನ್ನೂ ನಿಧಾನವಾಗಿ, ಇನ್ನೂ ದೂರದಿಂದ ಶುರುವಾಗಲಿ ಎಂಬುದು ನನ್ನ ಆಸೆ. ಆದರೂ ಅಲ್ಲೊಂದು ತಾಲೀಮಾದರೂ ಇದೆ. ಅದೇ ರಾಜ್ಯದಲ್ಲಿ, ಕಿವಿಯ ಪಕ್ಕದಲ್ಲೇ ಪಟಾಕಿ, ಡಿಜೆ, ತಮಟೆ ಮೊಳಗುವ ಮದುವೆಯ ಬೀದಿಗೆ ಬರುವ ಕುದುರೆಗೆ ಯಾವ ತಾಲೀಮು ಮಾಡಿಸಿದ್ದೇವೆ? ಬಾಯಲ್ಲಿ ಕಬ್ಬಿಣ, ಮುಖದ ಮೇಲೆ ಜರಿ, ಅಷ್ಟೇ.

ನನ್ನ ದೂರು ಆ ಹುಡುಗನ ಮೇಲಿಲ್ಲ. ಅವನ ಕೈಗೆ ಹಗ್ಗ ಕೊಟ್ಟವರು ಕುದುರೆಯ ಬಗ್ಗೆ ಒಂದು ಮಾತೂ ಕಲಿಸಿರಲಿಕ್ಕಿಲ್ಲ. ಕುದುರೆ ಸಾಕುವವರ ಕಷ್ಟ ನನಗೆ ಗೊತ್ತು. ಹುರುಳಿ, ಬೂಸ, ಹುಲ್ಲು, ಲಾಳ ಎಲ್ಲಕ್ಕೂ ದುಡ್ಡು ಬೇಕು. ಮದುವೆಯ ಕಾಲದಲ್ಲಿ ದುಡಿದದ್ದರಲ್ಲಿ ಆಷಾಢ ಕಳೆಯಬೇಕು. ಎರಡು ಗಂಟೆಯ ಬಾಡಿಗೆಗೆ ಚೌಕಾಸಿ ಮಾಡುವ ನಾವು, "ಈ ಕುದುರೆಗೆ ಎಷ್ಟು ದಿನದ ಪಾಠ ಆಗಿದೆ?" ಎಂದು ಒಂದು ಸಲವೂ ಕೇಳುವುದಿಲ್ಲ. ಕೇಳುವವರಿಲ್ಲದ ಕೆಲಸಕ್ಕೆ ಅವರು ಮೂರು ತಿಂಗಳು ಎಲ್ಲಿಂದ ತರಬೇಕು? ಮಂಟಪಕ್ಕೆ, ಹೂವಿನ ಅಲಂಕಾರಕ್ಕೆ, ಡ್ರೋನ್ ಕ್ಯಾಮೆರಾಕ್ಕೆ ಲಕ್ಷ ಲಕ್ಷ ಸುರಿಯುವ ಕೈ ಕುದುರೆಯ ಹತ್ತಿರ ಬಂದಾಗ ಮಾತ್ರ ಬಿಗಿಯಾಗುತ್ತದೆ. ಆ ಬಿಗಿ ಕೊನೆಗೆ ಸೇರುವುದು ಅದರ ಬಾಯಿಗೆ.

ಸವಾರಿ ಕಲಿಸುವ ಶಾಲೆಗಳನ್ನು ನಡೆಸುವವರಿಗೆ ನಾನು ಕೈಮುಗಿದು ಕೇಳುವುದು ಇಷ್ಟು. ಮಗು ಬಂದ ಮೊದಲ ದಿನವೇ ಜೀನಿನ ಮೇಲೆ ಕೂರಿಸಿ ಫೋಟೊ ತೆಗೆಸಬೇಡಿ. ಮೊದಲ ನಾಲ್ಕು ತರಗತಿ ನೆಲದ ಮೇಲೇ ನಡೆಯಲಿ. ಗೊರಸು ಎತ್ತಿ ಕೆರೆಯಲಿ, ಮೈ ಉಜ್ಜಲಿ, ಸಡಿಲ ಹಗ್ಗದಲ್ಲಿ ಪಕ್ಕದಲ್ಲಿ ನಡೆಯಲಿ, ಕಿವಿ ಎತ್ತ ತಿರುಗಿದೆ ನೋಡಲಿ. ಪೋಷಕರು ಸವಾರಿ ಎಲ್ಲಿ ಎಂದು ದುಡ್ಡು ವಾಪಸು ಕೇಳಿದರೆ ಕೊಟ್ಟುಬಿಡಿ. ತನಗಿಂತ ಹತ್ತು ಪಟ್ಟು ತೂಕದ ಪ್ರಾಣಿ ಹೆದರಿದ್ದನ್ನು ಗುರುತಿಸಿ, ತಾನು ಒಂದು ಹೆಜ್ಜೆ ಹಿಂದೆ ಸರಿಯಲು ಕಲಿತ ಮಗು ಶಾಲೆಯಲ್ಲಿ ತನಗಿಂತ ಚಿಕ್ಕವರ ಜೊತೆ ಹೇಗೆ ನಡೆದುಕೊಂಡೀತು, ಯೋಚಿಸಿ. ರೇಸಿಗೆ ಕುದುರೆ ಬಿಡುವ ಸಿರಿವಂತರಿಗೂ ಒಂದು ಮಾತಿದೆ. ಎರಡು ಮೂರು ವರ್ಷದ ಮರಿಯನ್ನು ಓಡಿಸಿ, ಆರೇಳಕ್ಕೆ ಕೈಬಿಡುತ್ತೀರಿ. ಗೆದ್ದ ದಿನ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡವರು ನೀವು. ಓಟ ನಿಂತ ಮೇಲೆ ಅದು ಮತ್ತೆ ನಿಧಾನವಾಗಿ ನಡೆಯುವುದನ್ನು, ಮನುಷ್ಯನ ಕೈಯನ್ನು ನಂಬುವುದನ್ನು ಕಲಿಯಲು ಬೇಕಾದ ಆರು ತಿಂಗಳ ಖರ್ಚು ಅದನ್ನು ಕೊಂಡ ಬಡವನದಲ್ಲ, ನಿಮ್ಮದು.

ಮತ್ತೆ ಮನೆಯಲ್ಲಿ ಬೆದರುವ ಕುದುರೆ ಇಟ್ಟುಕೊಂಡಿರುವವರೇ, ನೀವು ನನ್ನಂಥವರು, ನಿಮ್ಮ ಹತ್ತಿರ ಸಲುಗೆಯಿಂದ ಹೇಳುತ್ತೇನೆ. ನಾಳೆ ಬೆಳಿಗ್ಗೆ ಜೀನು ತೆಗೆದುಕೊಳ್ಳಬೇಡಿ. ಒಂದು ಬಕೆಟ್ಟು ಬೋರಲು ಹಾಕಿ ಕೂತುಕೊಳ್ಳಿ. ಅದು ನಾಲಿಗೆಯಿಂದ ತುಟಿ ಸವರಿಕೊಳ್ಳುವುದನ್ನು, ಉದ್ದ ಉಸಿರು ಬಿಡುವುದನ್ನು, ತಲೆ ಮೆಲ್ಲಗೆ ಇಳಿಸುವುದನ್ನು ಕಾಯಿರಿ. ಬಿಗಿತ ಇಳಿಯುವ ಹೊತ್ತಿನ ಗುರುತುಗಳು ಅವು. ನಾಲ್ಕು ದಿನ ಕಾಣದಿರಬಹುದು, ನಲವತ್ತು ದಿನವೂ ಆಗಬಹುದು. ಇದ್ದಕ್ಕಿದ್ದಂತೆ ಬೆದರುವ ಕುದುರೆಗೆ ಬೆನ್ನುನೋವೋ ಹಲ್ಲುನೋವೋ ಜೀನಿನ ಒತ್ತೋ ಇದ್ದೀತು, ಮೊದಲು ಪಶುವೈದ್ಯರಿಗೆ ತೋರಿಸಿ. ನೋವಿನಲ್ಲಿರುವ ಪ್ರಾಣಿಗೆ ಪಾಠ ಹೇಳಲು ಹೋಗಬೇಡಿ.

ಗೌರಿಯ ಬೆನ್ನನ್ನು ನಾನು ಮತ್ತೆ ಏರಿದ್ದು ಒಂಬತ್ತು ತಿಂಗಳು ಕಳೆದ ಮೇಲೆ. ಆ ದಿನ ಚಾಚಾ ಇರಲಿಲ್ಲ, ಶ್ರಾವಣದಲ್ಲಿ ತೀರಿಕೊಂಡಿದ್ದರು. ಅದೇ ಹೊಲದ ದಾರಿ. ಹಾಲಿನ ಸ್ಕೂಟರು ಬಂತು, ಕ್ಯಾನುಗಳು ಸದ್ದು ಮಾಡಿದವು. ಗೌರಿ ನಿಂತಳು. ಮೈ ಅದುರಿತು. ಒಂದು ಕಿವಿ ಸ್ಕೂಟರಿನ ಕಡೆ ಇತ್ತು, ಇನ್ನೊಂದು ಕಿವಿ ಹಿಂದಕ್ಕೆ, ನನ್ನ ಕಡೆ ತಿರುಗಿತು. ನಾನು ಉಸಿರು ಬಿಟ್ಟೆ, ಲಗಾಮು ಸಡಿಲ ಬಿಟ್ಟೆ. ಅವಳೂ ಉಸಿರು ಬಿಟ್ಟಳು. ಸ್ಕೂಟರು ದಾಟಿ ಹೋಯಿತು. ಆ ಹಾಲಿನವರಿಗೆ ಅಲ್ಲಿ ಏನು ನಡೆಯಿತೆಂದು ಇವತ್ತಿಗೂ ತಿಳಿಯದು.

ನಿಮ್ಮ ಮನೆಯಲ್ಲಿ ಮದುವೆ ಬರುತ್ತದೆ. ಯಾರೋ ಕುದುರೆ ಬೇಕು ಅನ್ನುತ್ತಾರೆ. ಬೇಡ ಅನ್ನಿ, ಅದು ಎಲ್ಲಕ್ಕಿಂತ ಒಳ್ಳೆಯದು. ಅನ್ನಲಾಗದಿದ್ದರೆ ಅದನ್ನು ಹಿಂದಿನ ದಿನವೇ ನೋಡಿ ಬನ್ನಿ. ಪಕ್ಕದಿಂದ ಹತ್ತಿರ ಹೋಗಿ, ಅದರ ಕಣ್ಣು ನೋಡಿ, ಬಾಯಿಯ ಅಂಚು ನೋಡಿ, ಕಡಿವಾಣವನ್ನು ಬಿಚ್ಚಿಸಿ ಬೆರಳಿನಿಂದ ಸವರಿ ನೋಡಿ. ಪಟಾಕಿಯೂ ಡಿಜೆಯೂ ಇರುವುದಿಲ್ಲ ಎಂದು ಕುದುರೆಯವರಿಗೆ ಮಾತು ಕೊಡಿ, ಆ ಮಾತು ಉಳಿಸಿಕೊಳ್ಳಿ. ಬೆರಳಿಗೆ ಮುಳ್ಳು ತಗುಲಿದರೆ ಆ ಕುದುರೆಯ ಮೇಲೆ ನಿಮ್ಮ ಮಗನನ್ನು ಕೂರಿಸಬೇಡಿ.